ಒಂದು ವರ್ಷದ ಸಿನಿಮಾ, ಹತ್ತು ಸ್ಥಾನ: ಅಂಕ ಕೊಡುವುದೋ, ಎದುರುಬದುರು ನಿಲ್ಲಿಸುವುದೋ?

ಒಂದು ವರ್ಷದಲ್ಲಿ ನೋಡಿದ ಸಿನಿಮಾಗಳನ್ನು ಇಷ್ಟದ ಕ್ರಮದಲ್ಲಿ ಬರೆಯಲು ಕೂತರೆ ಮೊದಲ ಎರಡು ಹೆಸರು ಸಲೀಸಾಗಿ ಸಿಗುತ್ತವೆ. ಕೊನೆಯದೂ ಸಿಗುತ್ತದೆ. ಕಷ್ಟ ಇರುವುದು ಮೂರರಿಂದ ಎಂಟರ ನಡುವೆ. ಅಲ್ಲಿ ಇವತ್ತು ಬರೆದ ಕ್ರಮ ನಾಳೆ ಬದಲಾಗುತ್ತದೆ, ನಾಡಿದ್ದು ಹಳೆಯದೇ ಸರಿ ಅನಿಸುತ್ತದೆ. ಹೀಗಾಗುವುದಕ್ಕೆ ಹೆಚ್ಚಿನ ಸಲ ಕಾರಣ, ಹಿಡಿದ ವಿಧಾನ ಪಟ್ಟಿಯ ಗಾತ್ರಕ್ಕೆ ಹೊಂದದೇ ಇರುವುದು.

ಅವಸರದಲ್ಲಿ ಇರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ನೋಡಿದ್ದು 12ಕ್ಕಿಂತ ಕಡಿಮೆಯಾದರೆ ನೇರವಾಗಿ ಎರಡೆರಡು ಸಿನಿಮಾ ಎದುರುಬದುರು ಇಟ್ಟು ತೀರ್ಮಾನಿಸಿ. 12ರಿಂದ 40 ಇದ್ದರೆ ಮೊದಲು ಮೂರು ರಾಶಿ ಮಾಡಿ, ಮೇಲಿನ ರಾಶಿಯನ್ನು ಮಾತ್ರ ಎದುರುಬದುರು ಇಡಿ. ಅಂಕ ಅಥವಾ ನಕ್ಷತ್ರ ಜರಡಿ ಹಿಡಿಯುವ ಮಟ್ಟಿಗೆ ಸಾಕು, ಸ್ಥಾನ ಹಂಚಲು ಸಾಲದು. ಗೆಳೆಯರೆಲ್ಲ ಸೇರಿ ಒಂದೇ ಪಟ್ಟಿ ಮಾಡುವುದಾದರೆ ಲೆಕ್ಕವೇ ಬೇರೆ, ಅದನ್ನು ಕೆಳಗೆ ನೋಡಿ.

ಉದಾಹರಣೆಗೆ 2022ನ್ನು ಇಟ್ಟುಕೊಂಡಿದ್ದೇವೆ. ಕರಾವಳಿಯವರಿಗೆ ಆ ವರ್ಷದಷ್ಟು ತಕರಾರಿನ ಪಟ್ಟಿ ಇನ್ನೊಂದಿಲ್ಲ. ಏಪ್ರಿಲ್‌ನಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’, ಜೂನ್‌ನಲ್ಲಿ ‘777 ಚಾರ್ಲಿ’, ಜುಲೈನಲ್ಲಿ ‘ವಿಕ್ರಾಂತ್ ರೋಣ’, ಸೆಪ್ಟೆಂಬರ್ ಕೊನೆಗೆ ‘ಕಾಂತಾರ’. ನಡುವೆ ‘ರಾಜ್ ಸೌಂಡ್ಸ್ ಆ್ಯಂಡ್ ಲೈಟ್ಸ್’ನಂಥ ತುಳು ಸಿನಿಮಾ. ಕಾಸರಗೋಡಿನಲ್ಲೇ ಕಥೆ ನಡೆಯುವ ಮಲಯಾಳದ ‘ನ್ನಾ ತಾನ್ ಕೇಸ್ ಕೊಡ್’ ಕೂಡ ಅದೇ ವರ್ಷದ್ದು.

ಮೊದಲು ವರ್ಷವನ್ನೇ ತೀರ್ಮಾನಿಸಿ

‘2022ರ ಸಿನಿಮಾ’ ಎಂದರೆ ಯಾವುದು ಎಂದು ಬರೆದಿಟ್ಟುಕೊಳ್ಳದೆ ಶುರು ಮಾಡಿದರೆ ಪಟ್ಟಿ ಅರ್ಧದಲ್ಲೇ ಕೆಡುತ್ತದೆ. ರಾಷ್ಟ್ರಪ್ರಶಸ್ತಿಗಳನ್ನೇ ನೋಡಿ. ‘ಡೊಳ್ಳು’ ಟಾಕೀಸಿಗೆ ಬಂದದ್ದು 2022ರ ಆಗಸ್ಟ್‌ನಲ್ಲಿ, ಆದರೆ ಅತ್ಯುತ್ತಮ ಕನ್ನಡ ಚಿತ್ರವಾಗಿ ಅದಕ್ಕೆ ಪ್ರಶಸ್ತಿ ಸಿಕ್ಕಿದ್ದು 2020ರ ಸಾಲಿನಲ್ಲಿ. ‘777 ಚಾರ್ಲಿ’ ಬಿಡುಗಡೆಯಾದದ್ದು 2022ರ ಜೂನ್ 10ಕ್ಕೆ, ಪ್ರಶಸ್ತಿ 2021ರ ಸಾಲಿನದು. ‘ಕೆ.ಜಿ.ಎಫ್. ಚಾಪ್ಟರ್ 2’ ಮತ್ತು ‘ಕಾಂತಾರ’ಕ್ಕೆ ಬಂದದ್ದು 2022ರ ಸಾಲಿನ ಪ್ರಶಸ್ತಿಗಳು. ನಾಲ್ಕೂ ಒಂದೇ ವರ್ಷ ಪರದೆಗೆ ಬಂದವು, ಪ್ರಶಸ್ತಿಯ ಕಡತದಲ್ಲಿ ಮಾತ್ರ ಮೂರು ವರ್ಷಗಳಿಗೆ ಹಂಚಿಹೋಗಿವೆ. ಅಲ್ಲಿ ಲೆಕ್ಕಕ್ಕೆ ಬರುವುದು ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ವರ್ಷ.

ಚಿತ್ರೋತ್ಸವಗಳದ್ದು ಇನ್ನೊಂದು ಲೆಕ್ಕ. ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು, ಇಲ್ಲಿನ ಚಿತ್ರಮಂದಿರಗಳಿಗೆ ಬಂದದ್ದು 2024ರಲ್ಲಿ. ಲೆಟರ್‌ಬಾಕ್ಸ್‌ಡ್‌ನಂಥ ಆ್ಯಪ್‌ಗಳು ಮೊದಲ ಪ್ರದರ್ಶನದ ವರ್ಷವನ್ನೇ ಹಿಡಿಯುವುದರಿಂದ ಅಲ್ಲಿ ಅದು 2022ರ ಸಿನಿಮಾ.

ನಮ್ಮ ಸಲಹೆ ಸರಳ: ಕರ್ನಾಟಕದ ಚಿತ್ರಮಂದಿರದಲ್ಲಿ ಅಥವಾ ಒಟಿಟಿಯಲ್ಲಿ, ಯಾವುದು ಮೊದಲೋ ಆ ದಿನಾಂಕ. ಸಾಮಾನ್ಯ ಪ್ರೇಕ್ಷಕನಿಗೆ ನೋಡುವ ಅವಕಾಶ ಸಿಕ್ಕ ದಿನ ಅದು. ಪಟ್ಟಿಯ ತಲೆಯ ಮೇಲೆ ಈ ನಿಯಮವನ್ನು ಒಂದು ಸಾಲಿನಲ್ಲಿ ಬರೆದುಬಿಟ್ಟರೆ ‘ಅದು ಆ ವರ್ಷದ್ದಲ್ಲ ಮಾರಾಯ್ರೆ’ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಹೆಸರುಗಳನ್ನು ಕೂಡಿಸಿ. ನೆನಪನ್ನು ನಂಬಬೇಡಿ. ನೆನಪಿನಲ್ಲಿ ಉಳಿಯುವುದು ಕೊನೆಯ ನಾಲ್ಕು ತಿಂಗಳು ಮಾತ್ರ. ಫೆಬ್ರುವರಿಯ ‘ಲವ್ ಮಾಕ್ಟೇಲ್ 2’ ಡಿಸೆಂಬರ್ ಹೊತ್ತಿಗೆ ತಾನಾಗಿ ನೆನಪಾಗುವುದಿಲ್ಲ. ಟಿಕೆಟ್ ಬುಕ್ ಮಾಡಿದ ಆ್ಯಪ್‌ನಲ್ಲಿ ಹಳೆಯ ಬುಕಿಂಗ್‌ಗಳ ಪಟ್ಟಿ ಇರುತ್ತದೆ, ಒಟಿಟಿ ಖಾತೆಯಲ್ಲಿ ನೋಡಿದ್ದರ ಇತಿಹಾಸ ಇರುತ್ತದೆ. ಕೌಂಟರಿನಲ್ಲಿ ತೆಗೆದ ಟಿಕೆಟಿಗೆ ದುಡ್ಡು ಫೋನಿನಿಂದ ಹೋಗಿದ್ದರೆ ಆ ದಾಖಲೆಯೂ ಸಿಗುತ್ತದೆ. ಮೂರನ್ನೂ ತಿಂಗಳವಾರು ಹುಡುಕಿ, ಒಂದು ಚೀಟಿಗೆ ಒಂದು ಹೆಸರು ಬರೆಯಿರಿ. ಕಾಗದದ ಚೀಟಿಯೇ ಇರಲಿ. ಮೇಜಿನ ಮೇಲೆ ಹರಡಿ ಸರಿಸುವ ಕೆಲಸ ಫೋನಿನ ಪರದೆಯಲ್ಲಿ ಆಗುವುದಿಲ್ಲ.

ಯಾವ ಆವೃತ್ತಿ ನೋಡಿದಿರಿ?

ಚೀಟಿಯ ಹಿಂಬದಿಯಲ್ಲಿ ಮೂರು ವಿಷಯ ಬೇಕು: ಎಲ್ಲಿ ನೋಡಿದ್ದು, ಯಾವ ಭಾಷೆಯಲ್ಲಿ, ಯಾವ ಆವೃತ್ತಿ. ಇದು ಅತಿ ಎನಿಸಬಹುದು, ಆದರೆ 2022ರ ಪಟ್ಟಿಯಲ್ಲಿ ಇದಿಲ್ಲದೆ ನ್ಯಾಯ ಸಿಗುವುದಿಲ್ಲ.

‘ಜೇಮ್ಸ್’ ಮಾರ್ಚ್ 17ರಂದು ಬಿಡುಗಡೆಯಾದಾಗ ಪುನೀತ್ ಅವರ ಪಾತ್ರಕ್ಕೆ ದನಿ ಶಿವರಾಜ್‌ಕುಮಾರ್ ಅವರದು. ಏಪ್ರಿಲ್‌ನಲ್ಲಿ ಪುನೀತ್ ಅವರದೇ ದನಿ ಇರುವ ಆವೃತ್ತಿ ಬಂತು. ‘ವಿಕ್ರಾಂತ್ ರೋಣ’ವನ್ನು ಕೆಲವರು 3ಡಿಯಲ್ಲಿ ನೋಡಿದರು, ಕೆಲವರು 2ಡಿಯಲ್ಲಿ. ಕಡುಗತ್ತಲಿನ ದೃಶ್ಯಗಳೇ ಹೆಚ್ಚಿರುವ ಸಿನಿಮಾ ಅದು. 3ಡಿ ಕನ್ನಡಕ ಹಾಕಿದರೆ ಪರದೆಯ ಬೆಳಕು ಇನ್ನಷ್ಟು ಕುಗ್ಗುತ್ತದೆ, ಹಾಗಾಗಿ ಛಾಯಾಗ್ರಹಣದ ಬಗ್ಗೆ ಇಬ್ಬರ ಅಭಿಪ್ರಾಯ ಬೇರೆಯಾದರೆ ಆಶ್ಚರ್ಯವಿಲ್ಲ. ‘ಕಾಂತಾರ’ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ, ಡಿಸೆಂಬರ್ 2ಕ್ಕೆ ತುಳುವಿನಲ್ಲಿ ಬಂತು. ನವೆಂಬರ್ 24ಕ್ಕೆ ಒಟಿಟಿಗೆ ಬಂದಾಗ ಹಕ್ಕುಸ್ವಾಮ್ಯದ ವ್ಯಾಜ್ಯದಿಂದಾಗಿ ‘ವರಾಹ ರೂಪಂ’ ಹಾಡಿನ ಮೂಲ ಸಂಗೀತ ಇರಲಿಲ್ಲ, ನ್ಯಾಯಾಲಯದ ತಡೆ ತೆರವಾದ ಮೇಲೆ ಅದು ಮರಳಿತು. ಕೊನೆಯ ದೃಶ್ಯವನ್ನು ಆ ಹಾಡೇ ಎತ್ತಿ ಹಿಡಿದಿರುವಾಗ, ಅದಿಲ್ಲದ ಆವೃತ್ತಿ ನೋಡಿದವರು ಸಿನಿಮಾವನ್ನು ಕೆಳಗಿಟ್ಟರೆ ತಪ್ಪು ಅವರದಲ್ಲ.

ಎರಡು ಆವೃತ್ತಿ ನೋಡಿದ್ದರೆ ಉತ್ತಮವಾದುದಕ್ಕೆ ಸ್ಥಾನ ಕೊಡಿ. ಒಂದನ್ನೇ ನೋಡಿದ್ದು, ಅದು ಅರೆಕೊರೆಯದು ಎಂದು ಗೊತ್ತಿದ್ದರೆ ಸರಿಯಾದದ್ದನ್ನು ನೋಡುವವರೆಗೆ ಚೀಟಿಯನ್ನು ಬದಿಗಿಡಿ.

ಅಂಕದ ದಾರಿ

ಹತ್ತಕ್ಕೆ ಇಷ್ಟು, ಐದಕ್ಕೆ ಇಷ್ಟು ನಕ್ಷತ್ರ. ಎಲ್ಲರಿಗೂ ಗೊತ್ತಿರುವ, ಬೇಗ ಮುಗಿಯುವ ದಾರಿ. ಇದರಲ್ಲಿ ಮೂರು ಕಡೆ ಎಡವುತ್ತೇವೆ.

ಮೊದಲನೆಯದು, ಅಂಕಗಳು 7 ಮತ್ತು 8ರಲ್ಲಿ ಗುಂಪುಗೂಡುತ್ತವೆ. ಚೆನ್ನಾಗಿರಬಹುದು ಎನಿಸಿದ್ದನ್ನೇ ದುಡ್ಡು ಕೊಟ್ಟು ನೋಡಿರುತ್ತೇವೆ, ಆದ್ದರಿಂದ 2 ಮತ್ತು 3 ಬಳಕೆಯಾಗುವುದೇ ಇಲ್ಲ. ಮೂವತ್ತು ಸಿನಿಮಾದಲ್ಲಿ ಹನ್ನೆರಡಕ್ಕೆ 7 ಬಿದ್ದರೆ ಅವುಗಳ ನಡುವೆ ಕ್ರಮವೇ ಇಲ್ಲ. ಎರಡನೆಯದು, ಅಳತೆಗೋಲು ವರ್ಷದುದ್ದಕ್ಕೂ ಸರಿಯುತ್ತದೆ. ಫೆಬ್ರುವರಿಯಲ್ಲಿ ಧಾರಾಳವಾಗಿ ಕೊಟ್ಟ 8ಕ್ಕೂ, ಅಕ್ಟೋಬರ್‌ನಲ್ಲಿ ‘ಕಾಂತಾರ’ ನೋಡಿದ ಮೇಲೆ ಇನ್ನೊಂದಕ್ಕೆ ಬಿಗಿಹಿಡಿದು ಕೊಟ್ಟ 7ಕ್ಕೂ ಸಂಬಂಧವಿಲ್ಲ.

ಮೂರನೆಯ ತೊಂದರೆ ವಿಭಾಗವಾರು ಅಂಕದ್ದು, ದೊಡ್ಡದೂ ಹೌದು. ಕಥೆ, ಅಭಿನಯ, ಸಂಗೀತ, ಸಂಕಲನ, ಸಂಭಾಷಣೆ ಎಂದು ಐದು ವಿಭಾಗ ಮಾಡಿ ಕೂಡಿಸುವುದು ವೈಜ್ಞಾನಿಕ ಎಂದು ಬಹಳ ಜನ ನಂಬಿದ್ದಾರೆ. ಒಂದು ಸಿನಿಮಾಕ್ಕೆ ಐದರಲ್ಲೂ 7 ಬಂದರೆ ಮೊತ್ತ 35. ಇನ್ನೊಂದಕ್ಕೆ ಕಥೆ 6, ಅಭಿನಯ 10, ಸಂಗೀತ 9, ಸಂಕಲನ 5, ಸಂಭಾಷಣೆ 4, ಮೊತ್ತ 34. ಎಲ್ಲೂ ತಪ್ಪದ, ಎಲ್ಲೂ ಏರದ ಮೊದಲನೆಯದು ಗೆದ್ದಿತು. ಆದರೆ ಆರು ತಿಂಗಳ ಮೇಲೆ ನೀವು ಮಾತಾಡುವುದು ಎರಡನೆಯದರ ಬಗ್ಗೆಯೇ. ಕೂಡಿಸುವ ಲೆಕ್ಕ ಯಾವಾಗಲೂ ಸಮತಟ್ಟಾದ ಸಿನಿಮಾದ ಪರ. ಮೆಚ್ಚಿನ ಸಿನಿಮಾಗಳ ಪಟ್ಟಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಅಂಕ ಕೊಟ್ಟೇ ಅಭ್ಯಾಸವಾಗಿದ್ದರೆ ಕೊಡಿ, ಬಿಡಬೇಕಾಗಿಲ್ಲ. 6 ಮತ್ತು ಅದಕ್ಕಿಂತ ಕೆಳಗಿನವನ್ನು ಹೊರಗಿಡಲು ಅದನ್ನು ಬಳಸಿ, ಆಮೇಲೆ ಅಂಕಗಳನ್ನು ಮುಚ್ಚಿಟ್ಟು ಮುಂದುವರಿಯಿರಿ.

ಮೂರು ರಾಶಿ

ಮತ್ತೆ ನೋಡಬೇಕು, ನೋಡಿದ್ದಕ್ಕೆ ಬೇಸರವಿಲ್ಲ, ಮರೆತರೂ ನಷ್ಟವಿಲ್ಲ. ಒಂದು ಚೀಟಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಯೋಚಿಸಬೇಡಿ. ನಡುವಿನ ರಾಶಿ ಉಬ್ಬುವುದು ಸಹಜ, ಅದನ್ನು ವಿಂಗಡಿಸಲು ಹೋಗಬೇಡಿ. ಮೇಲಿನ ರಾಶಿಗೆ ಮಾತ್ರ 12ರ ಮಿತಿ ಇಡಿ. ಹತ್ತರ ಪಟ್ಟಿಗೆ ಹನ್ನೆರಡು ಸಾಕು, ಎರಡು ಕಳಚಿಕೊಳ್ಳುತ್ತವೆ. ವರ್ಷಕ್ಕೆ ನೂರು ಸಿನಿಮಾ ನೋಡುವವರಿಗೂ ಈ ಮಿತಿ ಸಾಲುತ್ತದೆ.

ಎದುರುಬದುರು

ಎರಡು ಚೀಟಿ ಎತ್ತಿ, ಒಂದು ಪ್ರಶ್ನೆ ಕೇಳಿ, ಗೆದ್ದದ್ದನ್ನು ಮೇಲಿಡುವುದು. ಇಷ್ಟೇ. ಮನಸ್ಸು ‘ಇದು 7.5ರದ್ದೋ 8ರದ್ದೋ’ ಎಂಬುದಕ್ಕೆ ತಡಬಡಾಯಿಸುತ್ತದೆ, ‘ಇದೋ ಅದೋ’ ಎಂದರೆ ತಟ್ಟನೆ ಹೇಳುತ್ತದೆ.

ಪ್ರತಿಯೊಂದನ್ನೂ ಪ್ರತಿಯೊಂದರ ಎದುರು ಇಟ್ಟರೆ ಲೆಕ್ಕ ಬೆಳೆಯುತ್ತದೆ: 10 ಸಿನಿಮಾಕ್ಕೆ 45 ಜೋಡಿ, 12ಕ್ಕೆ 66, 20ಕ್ಕೆ 190, 30ಕ್ಕೆ 435. ನಲವತ್ತನೆಯ ಜೋಡಿಯ ಹೊತ್ತಿಗೆ ಯಾರಿಗಾದರೂ ಗಮನ ಹಾರಿಹೋಗುತ್ತದೆ. ಅದಕ್ಕೆ ನಡುವಿನಿಂದ ಸೇರಿಸುವ ಕ್ರಮ ಬಳಸಿ. ಈಗಾಗಲೇ 7 ಚೀಟಿ ಸಾಲಾಗಿವೆ ಎನ್ನಿ. ಎಂಟನೆಯದನ್ನು ಮೊದಲು ನಾಲ್ಕನೆಯದರ ಎದುರು ಇಡಿ. ಗೆದ್ದರೆ ಎರಡನೆಯದರ ಎದುರು, ಸೋತರೆ ಆರನೆಯದರ ಎದುರು. ಮೂರನೆಯ ಪ್ರಶ್ನೆಗೆ ಜಾಗ ಸಿಕ್ಕಿಬಿಡುತ್ತದೆ. 15 ಸಾಲಾಗಿದ್ದರೂ ನಾಲ್ಕೇ ಪ್ರಶ್ನೆ. ಹೀಗೆ 12 ಸಿನಿಮಾ ಸಾಲು ಹಿಡಿಯಲು ಹೆಚ್ಚೆಂದರೆ 33 ಪ್ರಶ್ನೆ, ಅಂದರೆ 66ರ ಅರ್ಧ.

ಇದರ ಅಪಾಯ ಒಂದೇ. ನಡುವಿನ ಚೀಟಿಯ ಎದುರು ಒಮ್ಮೆ ತಪ್ಪು ಉತ್ತರ ಕೊಟ್ಟರೆ ಸಿನಿಮಾ ತಪ್ಪು ಅರ್ಧಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ಅಕ್ಕಪಕ್ಕದ ಜೋಡಿಗಳನ್ನು ಒಮ್ಮೆ ಕೇಳುತ್ತ ಬನ್ನಿ. 12ಕ್ಕೆ 11 ಪ್ರಶ್ನೆ. ಎಲ್ಲಾದರೂ ಅದಲುಬದಲಾದರೆ ಮೇಲೇರಿದ್ದನ್ನು ಅದರ ಮೇಲಿನದರ ಜತೆಗೂ ಕೇಳಿ, ಸೋಲುವವರೆಗೆ ಏರಿಸಿ.

ಯಾವ ಪ್ರಶ್ನೆ ಕೇಳುತ್ತೀರಿ ಎನ್ನುವುದರ ಮೇಲೆ ಪಟ್ಟಿಯ ಗುಣ ನಿಂತಿದೆ. ‘ಇವತ್ತು ರಾತ್ರಿ ಒಂದನ್ನೇ ನೋಡಬಹುದಾದರೆ ಯಾವುದು?’ ಎಂದು ಕೇಳಿದರೆ ಹಗುರ ಹಾಸ್ಯದ ಸಿನಿಮಾಗಳು ಮೇಲೆ ಬರುತ್ತವೆ, ಮನಸ್ಸು ಕಲಕಿದವು ಕೆಳಗಿಳಿಯುತ್ತವೆ. ‘ಯಾವುದು ದೊಡ್ಡ ಸಿನಿಮಾ?’ ಎಂದರೆ ‘ಕೆ.ಜಿ.ಎಫ್.’ ಎಲ್ಲರನ್ನೂ ತುಳಿಯುತ್ತದೆ, ‘ರಾಜ್ ಸೌಂಡ್ಸ್’ಗೆ ಜಾಗವೇ ಇಲ್ಲ. ನಾವು ಒಪ್ಪುವ ಪ್ರಶ್ನೆ ಇದು: ಇವೆರಡರಲ್ಲಿ ಒಂದು ತಯಾರಾಗಲೇ ಇಲ್ಲ ಎಂದುಕೊಂಡರೆ, ಯಾವುದಿಲ್ಲದ್ದು ನಿಮಗೆ ಹೆಚ್ಚು ಕೊರತೆ? ನಕ್ಕ ಸಿನಿಮಾವೂ ಅತ್ತ ಸಿನಿಮಾವೂ ಈ ಪ್ರಶ್ನೆಯ ಮುಂದೆ ಒಂದೇ ಎತ್ತರದಲ್ಲಿ ನಿಲ್ಲುತ್ತವೆ.

ನೀವು ಬೇರೆ ಪ್ರಶ್ನೆ ಆರಿಸಿಕೊಂಡರೂ ಅಡ್ಡಿಯಿಲ್ಲ, ನಡುವೆ ಬದಲಿಸಬೇಡಿ. ‘ಚಾರ್ಲಿ’ಯು ‘ಡೊಳ್ಳು’ವನ್ನು ಸೋಲಿಸಿತು, ‘ಡೊಳ್ಳು’ ‘ವಿಕ್ರಾಂತ್ ರೋಣ’ವನ್ನು ಸೋಲಿಸಿತು, ಆದರೆ ‘ವಿಕ್ರಾಂತ್ ರೋಣ’ ‘ಚಾರ್ಲಿ’ಯನ್ನು ಸೋಲಿಸಿತು ಎಂಬಂಥ ಸುತ್ತು ಬಂದರೆ ನಿಮಗೆ ಗೊತ್ತಾಗದಂತೆ ಪ್ರಶ್ನೆ ಬದಲಾಗಿದೆ. ಒಂದು ಕಡೆ ಭಾವ, ಇನ್ನೊಂದು ಕಡೆ ವಿಷಯದ ಗಟ್ಟಿತನ, ಮತ್ತೊಂದು ಕಡೆ ದೃಶ್ಯವೈಭವ ನೋಡಿದ್ದೀರಿ. ಮೂರನ್ನೂ ತೆಗೆದು ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಮತ್ತೆ ಕೇಳಿಕೊಳ್ಳಿ.

ಒಂದು ಜೋಡಿಯನ್ನು ಪೂರ್ತಿ ನೋಡೋಣ, ಉಡುಪಿಯಲ್ಲಿ ಮುಗಿಯದ ಚರ್ಚೆ ಅದು: ‘ಕಾಂತಾರ’ವೋ ‘777 ಚಾರ್ಲಿ’ಯೋ? ಎರಡಕ್ಕೂ ಛಾಯಾಗ್ರಾಹಕ ಒಬ್ಬರೇ, ಅರವಿಂದ್ ಎಸ್. ಕಶ್ಯಪ್. ಹಾಗಾಗಿ ಕ್ಯಾಮೆರಾ ಯಾರದು ಚೆಂದ ಎಂಬ ಹೋಲಿಕೆಯಲ್ಲಿ ಹುರುಳಿಲ್ಲ, ಕಥೆ ಕ್ಯಾಮೆರಾದಿಂದ ಏನು ಕೇಳಿತು ಎಂಬುದು ಮುಖ್ಯ. ‘ಚಾರ್ಲಿ’ಯ ಬಲ ಮೊದಲರ್ಧದಲ್ಲಿದೆ. ಒಂಟಿ ಮನುಷ್ಯನ ಮನೆಯೊಳಗೆ ನಾಯಿ ಕಾಲಿಡುವ ಭಾಗ ಒಂದು ಚೂರೂ ಸಡಿಲವಿಲ್ಲ. ಹಿಮದ ಕಡೆಗಿನ ಪ್ರಯಾಣ ಶುರುವಾದ ಮೇಲೆ ದಾರಿಯಲ್ಲಿ ಸಿಗುವವರ ಪ್ರಸಂಗಗಳು ಕಥೆಯನ್ನು ಎಳೆಯುತ್ತವೆ. ‘ಕಾಂತಾರ’ ಇದರ ತಿರುವುಮುರುವು. ಮೊದಲರ್ಧದ ತಮಾಷೆಯಲ್ಲಿ, ಅದರಲ್ಲೂ ಲೀಲಾಳನ್ನು ಶಿವ ಕಾಡುವ ದೃಶ್ಯಗಳಲ್ಲಿ ಬರವಣಿಗೆ ಸೋತಿದೆ, ಆಕೆಯ ಪಾತ್ರಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಕೊನೆಯ ಭಾಗ ಮಾತ್ರ ಆ ವರ್ಷದ ಯಾವ ಭಾಷೆಯ ಸಿನಿಮಾದ ಎದುರೂ ನಿಲ್ಲುತ್ತದೆ. ಅಂಕ ಕೂಡಿಸಿದರೆ ‘ಚಾರ್ಲಿ’ ಒಂದೆರಡು ಅಂಕ ಮೇಲೆ ಬರಬಹುದು. ‘ಯಾವುದಿಲ್ಲದ್ದು ಕೊರತೆ’ ಎಂದು ಕೇಳಿದರೆ ನಮ್ಮ ಉತ್ತರ ‘ಕಾಂತಾರ’. ನಾಯಿ ಸಾಕಿದವರ ಮನೆಯಲ್ಲಿ ಉತ್ತರ ಬೇರೆ ಬರುತ್ತದೆ, ಬರಲಿ. ಇದು ಮೆಚ್ಚಿನ ಪಟ್ಟಿ.

ಎರಡನೆಯ ಭಾಗದ ಸಿನಿಮಾಗಳಿಗೆ ಒಂದು ಮಾತು. ‘ಕೆ.ಜಿ.ಎಫ್. ಚಾಪ್ಟರ್ 2’ಕ್ಕೆ 2018ರ ಮೊದಲ ಭಾಗ ಬೇಕೇ ಬೇಕು. ‘ಗಾಳಿಪಟ 2’ಕ್ಕೆ 2008ರದ್ದು ಬೇಕಾಗಿಲ್ಲ, ಕಥೆಯೇ ಹೊಸದು. ಮೊದಲ ಭಾಗ ಕೊಟ್ಟ ಖುಷಿಯನ್ನು ಎರಡನೆಯದರ ಖಾತೆಗೆ ಹಾಕಬೇಡಿ.

ನಮ್ಮೂರಿನ ಸಿನಿಮಾ ಬಂದಾಗ

ಕುಂದಾಪ್ರ ಕನ್ನಡ ಪರದೆಯ ಮೇಲೆ ಕೇಳಿದರೆ, ಕಂಬಳದ ಗದ್ದೆ ಕಂಡರೆ ಇಲ್ಲಿಯವರ ಮನಸ್ಸು ಒಂದು ಮೆಟ್ಟಿಲು ಮೊದಲೇ ಏರಿರುತ್ತದೆ. ಅದನ್ನು ಕಿತ್ತುಹಾಕಬೇಕೆಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ, ಊರಿನ ಭಾಷೆ ಸರಿಯಾಗಿ ಬಂದಿದ್ದರೆ ಅದು ಸಿನಿಮಾದ ಗುಣವೇ. ಪರೀಕ್ಷೆ ಬೇರೆ ಇದೆ: ಊರನ್ನು ತೆಗೆದರೆ ಕಥೆ ನಿಲ್ಲುತ್ತದೆಯೇ? ‘ಕಾಂತಾರ’ದಿಂದ ಭೂತಕೋಲ, ಕಾಡಂಚಿನ ಜಮೀನಿನ ತಕರಾರು, ಅರಣ್ಯ ಇಲಾಖೆಯ ಜತೆಗಿನ ಜಗಳ ತೆಗೆದರೆ ಏನೂ ಉಳಿಯುವುದಿಲ್ಲ. ಅಂದರೆ ಊರು ಅಲ್ಲಿ ದುಡಿದಿದೆ, ಆ ಶ್ರೇಯಸ್ಸು ಕೊಡಿ. ಕಾಪು ದೀಪಸ್ತಂಭದಲ್ಲಿ ಒಂದು ಹಾಡು, ಮಲ್ಪೆ ಕಡಲತೀರದಲ್ಲಿ ಒಂದು ಹೊಡೆದಾಟ ಚಿತ್ರಿಸಿದ ಮಾತ್ರಕ್ಕೆ ಯಾವ ಸಿನಿಮಾವೂ ಮೇಲೇರಬೇಕಾಗಿಲ್ಲ.

ದೈವದ ಮೇಲಿನ ಭಕ್ತಿಯನ್ನು ಮಾತ್ರ ಬೇರೆಯೇ ಇಡಿ. ಕೋಲದ ದೃಶ್ಯದಲ್ಲಿ ಕೈ ಮುಗಿದದ್ದು ದೈವಕ್ಕೆ. ಅದು ಸಂಕಲನಕ್ಕೋ ಚಿತ್ರಕಥೆಗೋ ಸಿಕ್ಕ ಮತವಲ್ಲ. ‘ಜೇಮ್ಸ್’, ‘ಗಂಧದ ಗುಡಿ’ಗಳ ವಿಷಯದಲ್ಲೂ ಹೀಗೆಯೇ. ಪುನೀತ್ ಇಲ್ಲವಾದ ಐದೇ ತಿಂಗಳಿಗೆ ಒಂದು, ವರ್ಷ ತುಂಬುವ ಹಿಂದಿನ ದಿನ ಇನ್ನೊಂದು ಬಂತು. ಕಣ್ಣೀರು ನಿಜ. ಈ ಎರಡು ಚೀಟಿಗಳನ್ನು ಕೊನೆಗೆ ಸೇರಿಸಿ, ಬೇರೆ ಎಲ್ಲವೂ ಸಾಲು ಹಿಡಿದ ಮೇಲೆ. ಆಗ ‘ಜೇಮ್ಸ್’ನ ಕಥೆ ಎಷ್ಟು ತೆಳು, ‘ಗಂಧದ ಗುಡಿ’ ಸಾಕ್ಷ್ಯಚಿತ್ರವಾಗಿ ಎಷ್ಟು ಹಾಯಾಗಿದೆ ಎಂಬುದು ತಾನಾಗಿ ಬೇರೆಯಾಗುತ್ತದೆ.

ತುಳು ಸಿನಿಮಾಗಳಿಗೆ ಪ್ರತ್ಯೇಕ ಪಟ್ಟಿ ಮಾಡುವ ರೂಢಿ ಇದೆ. ಗೌರವದಿಂದ ಮಾಡಿದರೂ ಅದು ಅವನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿದಂತೆಯೇ. ಮುಖ್ಯ ಪಟ್ಟಿಯಲ್ಲೇ ಸ್ಪರ್ಧಿಸಲಿ.

ಮತ್ತೆ ನೋಡುವುದಾದರೆ

ಹನ್ನೆರಡನ್ನೂ ಮತ್ತೆ ನೋಡಲು ಸಮಯ ಯಾರಿಗಿದೆ? ಮೂರರಿಂದ ಆರರ ನಡುವಿನ, ಉತ್ತರ ತಡವಾದ ಜೋಡಿಗಳನ್ನು ಮಾತ್ರ ನೋಡಿ. ಎರಡನ್ನೂ ಒಂದೇ ವಾರದಲ್ಲಿ, ಒಂದೇ ಪರದೆಯಲ್ಲಿ. ಮಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ತುಂಬಿದ ಮನೆಯ ಶಿಳ್ಳೆಯ ನಡುವೆ ನೋಡಿದ ‘ಕೆ.ಜಿ.ಎಫ್.’ಗೂ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ನೋಡಿದ ‘ಡೊಳ್ಳು’ವಿಗೂ ಹೋಲಿಕೆ ಮಾಡಿದರೆ ಸೋಲುವುದು ಫೋನು, ಸಿನಿಮಾ ಅಲ್ಲ. ಫೋನೇ ಗತಿ ಎಂದಾದರೆ ಒಳ್ಳೆಯ ಇಯರ್‌ಫೋನ್ ಹಾಕಿ. ಡೊಳ್ಳಿನ ತಳದ ದನಿ ಫೋನಿನ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ.

ಪೂರ್ತಿ ನೋಡಲು ಆಗದಿದ್ದರೆ ಇಂಟರ್ವಲ್ ಮುಗಿದ ಮೇಲಿನ ಅರ್ಧ ಗಂಟೆ ನೋಡಿ. ಆರಂಭ ಮತ್ತು ಅಂತ್ಯವನ್ನು ಎಲ್ಲರೂ ಕಷ್ಟಪಟ್ಟು ಮಾಡಿರುತ್ತಾರೆ, ಚಿತ್ರಕಥೆ ಸೊರಗುವುದು ಅಲ್ಲಿಯೇ.

ಗೆಳೆಯರ ಗುಂಪಿನ ಪಟ್ಟಿ

ವಾಟ್ಸಾಪ್ ಪೋಲ್ ಹಾಕುವುದು ಸುಲಭ, ಆದರೆ ಅದರಲ್ಲಿ 12 ಆಯ್ಕೆಗಳಷ್ಟೇ ಹಿಡಿಸುತ್ತವೆ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುವುದರಿಂದ ಮೊದಲ ಮೂರು ಮತ ಬಿದ್ದ ಕಡೆಗೇ ಉಳಿದವರೂ ವಾಲುತ್ತಾರೆ. ಬದಲಿಗೆ ಒಬ್ಬರಿಗೆ ಎಲ್ಲರೂ ಖಾಸಗಿಯಾಗಿ ತಮ್ಮ ಹತ್ತರ ಪಟ್ಟಿ ಕಳಿಸಲಿ. ಮೊದಲನೆಯದಕ್ಕೆ 10, ಎರಡನೆಯದಕ್ಕೆ 9, ಹತ್ತನೆಯದಕ್ಕೆ 1 ಎಂದು ಕೂಡಿಸುವುದು ಹಳೆಯ ಪದ್ಧತಿ.

ಇಲ್ಲಿ ಕೆಡುವುದು ಕಡಿಮೆ ಜನ ನೋಡಿದ ಸಿನಿಮಾ. ಎಂಟು ಜನರಲ್ಲಿ ಎಂಟೂ ಮಂದಿ ಒಂದನ್ನು ಐದನೆಯ ಸ್ಥಾನದಲ್ಲಿಟ್ಟರೆ ಅದಕ್ಕೆ 48. ಮೂವರೇ ನೋಡಿದ, ಮೂವರೂ ಮೊದಲ ಸ್ಥಾನ ಕೊಟ್ಟ ಇನ್ನೊಂದಕ್ಕೆ 30. ಯಾರಿಗೂ ಅಷ್ಟೇನೂ ಹಿಡಿಸದ್ದು ಗೆದ್ದಿತು. ಬರೀ ಸರಾಸರಿ ತೆಗೆದರೆ ತಿರುಗಾಮುರುಗಾ: ಒಬ್ಬರೇ ನೋಡಿ ಮೆಚ್ಚಿದ್ದು 10ಕ್ಕೆ 10 ಪಡೆದು ತಲೆಯ ಮೇಲೆ ಕೂರುತ್ತದೆ. ನಡುದಾರಿ ಎಂದರೆ, ನೋಡಿದವರ ಸರಾಸರಿ ತೆಗೆಯಿರಿ, ಕನಿಷ್ಠ ಅರ್ಧದಷ್ಟು ಜನ ನೋಡಿರಬೇಕೆಂಬ ಷರತ್ತು ಹಾಕಿ. ನೋಡಿದ್ದೂ ಹತ್ತರೊಳಗೆ ಬರದಿದ್ದರೆ ಸೊನ್ನೆ ಎಂದು ಬರೆಯಿರಿ, ನೋಡದೇ ಇದ್ದರೆ ಖಾಲಿ ಬಿಡಿ. ಸೊನ್ನೆ ಸರಾಸರಿಗೆ ಸೇರುತ್ತದೆ, ಖಾಲಿ ಸೇರುವುದಿಲ್ಲ. ಈ ಎರಡನ್ನು ಕಲಸಿದರೆ ಇಡೀ ಲೆಕ್ಕ ಹಾಳು. ಷರತ್ತಿಗೆ ಒಬ್ಬರೋ ಇಬ್ಬರೋ ಕಡಿಮೆ ಬಿದ್ದ ಸಿನಿಮಾ ಇದ್ದರೆ ಒಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ನೋಡಿಬಿಡಿ.

ಯಾವಾಗ ಮುಗಿಸುವುದು?

ಡಿಸೆಂಬರ್ 31ಕ್ಕೆ ಬೇಡ. ‘ವೇದ’ದಂಥ ಸಿನಿಮಾ ಡಿಸೆಂಬರ್ 23ಕ್ಕೆ ಬಂದಿದೆ, ನೋಡಿದ ಬಿಸಿ ಆರಿರುವುದಿಲ್ಲ. ಟಾಕೀಸಿನಲ್ಲಿ ತಪ್ಪಿಸಿಕೊಂಡದ್ದು ಮನೆಗೆ ಬರಲೂ ಸಮಯ ಬೇಕು: ‘777 ಚಾರ್ಲಿ’ಗೆ ಜೂನ್ 10ರಿಂದ ಜುಲೈ 29ರವರೆಗೆ ಏಳು ವಾರ, ‘ಕಾಂತಾರ’ಕ್ಕೆ ಹೆಚ್ಚುಕಡಿಮೆ ಎಂಟು ವಾರ ಹಿಡಿಯಿತು. ಆ ಲೆಕ್ಕದಲ್ಲಿ ಡಿಸೆಂಬರ್ ಕೊನೆಯದನ್ನೂ ಸೇರಿಸಿಕೊಳ್ಳಲು ಫೆಬ್ರುವರಿ ಮುಗಿಯಬೇಕು. ಎಲ್ಲವನ್ನೂ ಟಾಕೀಸಿನಲ್ಲೇ ನೋಡುವವರು ಜನವರಿ ಕೊನೆಗೆ ಮುಗಿಸಬಹುದು.

ಪಟ್ಟಿಯ ಕೆಳಗೆ ಮುಗಿಸಿದ ದಿನಾಂಕ ಹಾಕಿ, ನೋಡಲಾಗದೇ ಉಳಿದವುಗಳ ಹೆಸರನ್ನೂ ಬರೆಯಿರಿ. ಓದುವವರಿಗೆ ‘ಅದನ್ನೇಕೆ ಬಿಟ್ಟಿರಿ’ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಮುಂದೆ ಆ ಸಿನಿಮಾ ನೋಡಿದಾಗ ಹಳೆಯ ಹತ್ತನ್ನು ಕದಡಬೇಕಾಗಿಲ್ಲ. ಹೊಸ ಚೀಟಿಯನ್ನು ಐದನೆಯದರ ಎದುರು ಇಡಿ, ಹೆಚ್ಚೆಂದರೆ ನಾಲ್ಕು ಪ್ರಶ್ನೆಗೆ ಅದರ ಜಾಗ ಗೊತ್ತಾಗುತ್ತದೆ.